ಗೆದ್ದ ಕುದುರೆಗೆ ಸಿಳ್ಳೆ

"ಪ್ಯಾಂಟ್ ಇನ್ನೂ ಮೇಲೆ ಮಡಚೋ. ಮೊಂಡುಕಾಲು ಕಾಣ್ಬೇಕು. ಮುಚ್ಕೊಂಡು ಕೂತ್ರೆ ಫೋಟೋದಲ್ಲಿ ಏನು ಬೀಳುತ್ತೆ, ನಿನ್ ಮುಸುಡೀನಾ?"

ರೇಸ್ ಕ್ಲಬ್ಬಿನ ಕಾರ್ಯದರ್ಶಿ ವೇದಿಕೆಯ ಹಿಂದೆ ನಿಂತು ನನ್ನ ಗಂಡನಿಗೆ ಹೀಗೆಂದ. ನಾನೇ ಬಗ್ಗಿ ಮಡಚಿದೆ.

"ಮೈಕ್ ಕೊಟ್ಟಾಗ ಎರಡೇ ಮಾತು. ಕುಡಿದು ರಸ್ತೇಲಿ ಬಿದ್ದೆ, ಲಾರಿ ಹತ್ತಿತು. ಕ್ಲಬ್ಬು ಗಾಲಿಕುರ್ಚಿ ಕೊಟ್ಟು ಕಾಪಾಡ್ತು. ಲಾಯ ಗೀಯ ಅಂದ್ಯೋ, ಸಂಜೆಗೆ ಕ್ಲಬ್ಬಿನ ಮನೆ ಖಾಲಿ, ನಿಮ್ ಪಾತ್ರೆ ಪಡಗ ಬೀದೀಲಿರುತ್ತೆ."

"ಇವ್ರು ಕುಡಿಯೋದಿಲ್ಲ ಸ್ವಾಮಿ," ಅಂದೆ.

"ಇವತ್ತಿಂದ ಕುಡೀತಾನೆ. ನೀನು ಲದ್ದಿ ಬಾಚೋಳು, ಬಾಚು. ನಡುವೆ ಬಾಯಿ ಹಾಕ್ಬೇಡ."

ಇವರ ಕಾಲು ಹೋದದ್ದು ಕ್ಲಬ್ಬಿನ ಲಾಯದಲ್ಲೇ, ಇವರೇ ಮರಿಯಿಂದ ಸಾಕಿದ ಅಧ್ಯಕ್ಷನ ಕುದುರೆ ಬಿಳಿಪಾದನಿಂದ. ಕುದುರೆ ಬೆದರಿದೆ, ಇವತ್ತು ಜೀನು ಬೇಡ ಎಂದು ಇವರು ಕೈಮುಗಿದರು. "ಕಟ್ಟೋ ಬೋಳಿಮಗನೆ," ಅಂದ ಅಧ್ಯಕ್ಷ. ಕಟ್ಟಲು ಹೋದರು, ಒದೆಯಿತು. ಇವರು ಹುಲ್ಲಿನ ಮೇಲೆ ಒದ್ದಾಡುವಾಗ ಡಾಕ್ಟರು ಓಡಿ ಬಂದು ಕುದುರೆಯ ಗೊರಸು ನೋಡಿದ. ಗೊರಸಿಗೆ ಏನೂ ಆಗಿರಲಿಲ್ಲ. ಎಲ್ಲರಿಗೂ ಹೋದ ಜೀವ ಬಂದಂತಾಯಿತು.

ಇವರ ಮುರಿದ ಕಾಲನ್ನು ಆಮೇಲೆ ಆಸ್ಪತ್ರೆಯಲ್ಲಿ ಕತ್ತರಿಸಿದರು. ಲಾಯದಲ್ಲಿ ಮುರಿಯಿತೆಂದರೆ ಕ್ಲಬ್ಬು ಪರಿಹಾರ ಕೊಡಬೇಕು, ಕೂತು ಮಾಡುವ ಕೆಲಸವನ್ನಾದರೂ ಕೊಡಬೇಕು. ಬೀದಿಯಲ್ಲಿ ಮುರಿದರೆ ದಾನ ಸಾಕು. ದಾನಕ್ಕೇನು, ಈ ಕ್ಲಬ್ಬು ನಮ್ಮ ಮುತ್ತಜ್ಜಂದಿರ ಕಾಲದಿಂದ ಮಾಡುತ್ತಲೇ ಬಂದಿದೆ. ಬಿಸಿಲಲ್ಲಿ ನಿಂತು ಬಾಜಿ ಕಟ್ಟುವ ಗಾರೆಯವರ, ಹಮಾಲರ ಜೇಬು ಬರಿದು ಮಾಡುವುದು, ಅವರದೇ ಮಕ್ಕಳಿಗೆ ಹೊದಿಕೆ ಹಂಚಿ ಫೋಟೋ ತೆಗೆಸಿಕೊಳ್ಳುವುದು. ನೋಡಿದರೆ ನನಗೆ ಮೈ ಉರಿಯುತ್ತದೆ.

ಗಾಲಿಕುರ್ಚಿ ದಾನದ ದಿನದ ದೊಡ್ಡ ಓಟ ಗೆದ್ದದ್ದೂ ಬಿಳಿಪಾದನೇ. ಮದ್ದು ಕೊಟ್ಟು ಓಡಿಸಿದ್ದಾರೆಯೇ ಎಂದು ಗೆದ್ದ ಕುದುರೆಯ ಉಚ್ಚೆ ಹಿಡಿದು ಪರೀಕ್ಷಿಸುವುದು ರೂಢಿ. ಹೊಯ್ಯಿ ಅಂದರೆ ಕುದುರೆ ಹೊಯ್ಯುವುದಿಲ್ಲ. ಸಾಕಿದವರು ಸಿಳ್ಳೆ ಹಾಕಬೇಕು. ಮರಿಯಾಗಿದ್ದಾಗಿನಿಂದ ಲಾಯದವರು ಕಲಿಸಿದ ಉದ್ದನೆಯ, ಮೆತ್ತನೆಯ ಸಿಳ್ಳೆ. ಆದರೆ ಅಧ್ಯಕ್ಷನಿಗೆ ಫೋಟೋದ ಅವಸರ. ಪಾತ್ರೆ ಹಿಡಿದ ಡಾಕ್ಟರನ್ನು ಆಚೆ ನಿಲ್ಲಿಸಿ, ಕುದುರೆಯನ್ನು ನೇರ ಕೆಂಪುಹಾಸಿಗೆ ತರಿಸಿದ. ಈ ಕಡೆ ನಾನು ಹಿಡಿದು ನಿಂತ ಇವರ ಗಾಲಿಕುರ್ಚಿ, ಆ ಕಡೆ ಕುದುರೆ, ಅದರ ಹೊಟ್ಟೆಗೆ ಒತ್ತಿಕೊಂಡು ಬಿಳಿ ಬೂಟಿನ ಅಧ್ಯಕ್ಷ.

"ಕುಡಿದು ಕಾಲು ಕಳಕೊಂಡವನನ್ನೂ ನಮ್ಮ ಕ್ಲಬ್ಬು ಕೈಬಿಡೋದಿಲ್ಲ," ಎಂದು ಹೇಳಿ ಅವನು ಇವರ ಕೈಗೆ ಮೈಕ್ ಕೊಟ್ಟ. ಚಪ್ಪಾಳೆ ಬಿತ್ತು.

ಇವರು ನನ್ನ ಮುಖ ನೋಡಿದರು. "ಮನೆ ಹೋಗುತ್ತೆ ಕಣೇ."

"ಹೋಗ್ಲಿ ಬಿಡ್ರೀ."

ಇವರು ಮೈಕಿಗೆ ತುಟಿ ಹಚ್ಚಿ ಸಿಳ್ಳೆ ಹಾಕಿದರು.

ಬಿಳಿಪಾದ ಕಿವಿ ನಿಮಿರಿಸಿತು. ಹಿಂಗಾಲು ಅಗಲಿಸಿತು. ಕಟ್ಟಿಕೊಂಡದ್ದೆಲ್ಲ ಧೋ ಎಂದು ಸುರಿಯಿತು. ಬಿಳಿ ಬೂಟು, ಇಸ್ತ್ರಿ ಮಾಡಿದ ಷರಾಯಿ, ಕೈಯಲ್ಲಿದ್ದ ಹಾರ ಎಲ್ಲಕ್ಕೂ ಸಿಡಿಯಿತು. ಡಾಕ್ಟರು ಪಾತ್ರೆ ಹಿಡಿದು ಓಡಿ ಬಂದು ಅಧ್ಯಕ್ಷನ ಕಾಲ ಬುಡದಲ್ಲೇ ಕುಕ್ಕರಿಸಿದ.

"ನಿಲ್ಸೋ, ನಿನ್ನಜ್ಜಿ!" ಅಧ್ಯಕ್ಷ ಕಿರುಚಿದ.

"ನಿಲ್ಸಕ್ಕೆ ಸಿಳ್ಳೆ ಇಲ್ಲ ಸ್ವಾಮಿ," ಎಂದು ಇವರು ಮೈಕಿನಲ್ಲೇ ಹೇಳಿದರು. "ನಾನು ಕುಡಿಯೋನಲ್ಲ. ನನ್ ಕಾಲು ಮುರಿದಿದ್ದು ಇದೇ ಕುದುರೆ, ನಿಮ್ ಲಾಯದಲ್ಲೇ. ಸಾಕಿದೋನು ನಾನು ಅಂತ ಇದಕ್ಕಾದ್ರೂ ನೆನಪಿದೆ."

ಯಾರೋ ಮೈಕಿನ ವಯರು ಕಿತ್ತರು. ಕಾವಲಿನವರು ಇವರನ್ನು ನೆಲಕ್ಕೆ ತಳ್ಳಿ ಗಾಲಿಕುರ್ಚಿ ಎಳೆದುಕೊಂಡು ಹೋದರು. ನಾನು ಇವರನ್ನು ಬೆನ್ನಿಗೆ ಹೊತ್ತುಕೊಂಡೆ. ಅಷ್ಟರಲ್ಲಿ, ಮುಂದಿನ ಓಟಕ್ಕೆ ಕುದುರೆಗಳನ್ನು ಹಿಡಿದು ಸಾಲಾಗಿ ನಿಂತಿದ್ದ ಲಾಯದವರಲ್ಲಿ ಒಬ್ಬ ಅದೇ ಸಿಳ್ಳೆ ಹಾಕಿದ. ಆಮೇಲೆ ಪಕ್ಕದವನು. ಆಮೇಲೆ ಸಾಲಿಗೆ ಸಾಲೇ.

ಹೆಂಗಸು ಸಿಳ್ಳೆ ಹಾಕಬಾರದೆಂದು ನಮ್ಮಮ್ಮ ಹೇಳುತ್ತಿದ್ದಳು. ಗೇಟು ದಾಟುವವರೆಗೂ ಹಾಕಿದೆ.