ಯಾವುದೋ ಸಣ್ಣ ಕಾರಣಕ್ಕೆ

ಅಲ್ಲ, ಮಕ್ಕಳನ್ನು ಪರೀಕ್ಷೆಗೆ ತಯಾರು ಮಾಡುವುದಕ್ಕೆ ಒಬ್ಬರ ಮನೆ ಮರ್ಯಾದೆಯೇ ಬೇಕಾ? ಇಷ್ಟು ದೊಡ್ಡ ದೊಡ್ಡಬಳ್ಳಾಪುರದಲ್ಲಿ ನಂದಕುಮಾರ್ ಸಾರ್‌ಗೆ ಬೇರೆ ಕತೆಯೇ ಸಿಗಲಿಲ್ಲವಾ? ಸಾರ್ ಹಂಚಿದ ಕಾಗದ ಓದಿ ಸ್ನೇಹಳಿಗೆ ಮೈಯೆಲ್ಲ ಉರಿದುಹೋಯಿತು.

ಸಾರ್ ಪಿಯು ಕಾಲೇಜಿನಲ್ಲಿ ಬಿಸಿನೆಸ್ ಸ್ಟಡೀಸ್ ಹೇಳಿಕೊಡುವವರು. ಪಾಠ ಚೆನ್ನಾಗಿಯೇ ಮಾಡುತ್ತಿದ್ದರು, ಅದನ್ನು ಇಲ್ಲವೆನ್ನುವಂತಿಲ್ಲ. ಬಾಯಿಪಾಠ ಬಿಡಿ, ಕೇಸ್ ಸ್ಟಡಿ ಬಿಡಿಸಿ ಎನ್ನುವುದೇ ಅವರ ಮಂತ್ರ. ಕತೆ ಓದಬೇಕು, ಮುಖ್ಯವಾದ ಸಾಲಿನ ಕೆಳಗೆ ಗೆರೆ ಎಳೆಯಬೇಕು, ಕಾರಣ ಹುಡುಕಬೇಕು, ಆ ಸಾಲನ್ನೇ ಸಾಕ್ಷಿಯಾಗಿ ಉತ್ತರದಲ್ಲಿ ಬರೆಯಬೇಕು. ಈ ಸಲ ತಾವೇ ಒಂದು ಕತೆ ಕಟ್ಟಿ ಜೆರಾಕ್ಸ್ ಮಾಡಿಸಿ ತಂದಿದ್ದರು.

‘ರಾಮಯ್ಯ ಪವರ್‌ಲೂಮ್ ಮಾಲೀಕ. ಮದುವೆ ಸೀಸನ್ನಿಗೆ ಸೀರೆ ನೇಯ್ದುಕೊಡಲು ಒಪ್ಪಿಕೊಂಡ. ಯಾವುದೋ ಸಣ್ಣ ಕಾರಣಕ್ಕೆ ಎರಡು ದಿನ ಮಗ್ಗ ನಿಲ್ಲಿಸಿದ. ಮಾಲು ತಡವಾಯಿತು, ವ್ಯಾಪಾರಿ ಕೈಬಿಟ್ಟ. ನಿರ್ವಹಣೆಯ ಯಾವ ಕಾರ್ಯದಲ್ಲಿ ರಾಮಯ್ಯ ಸೋತಿದ್ದಾನೆ?’

ಸೋತಿದ್ದಾನಂತೆ! ಏಕವಚನ ಬೇರೆ ಕೇಡು. ಅಪ್ಪನ ಕೋದಂಡರಾಮಯ್ಯ ಎನ್ನುವ ಹೆಸರನ್ನು ಅರ್ಧ ಕತ್ತರಿಸಿಬಿಟ್ಟರೆ ಯಾರಿಗೂ ಗುರುತು ಸಿಗುವುದಿಲ್ಲ ಎಂದುಕೊಂಡಿದ್ದರೇನೋ. ತರಗತಿಯಲ್ಲಿ ಅರ್ಧಕ್ಕರ್ಧ ನೇಕಾರರ ಮಕ್ಕಳೇ. “ನಿಮ್ಮಪ್ಪ ಸಿಲಬಸ್ಸಿಗೇ ಬಂದ್ಬಿಟ್ರಲ್ಲೇ” ಎಂದು ಹಿಂದಿನ ಬೆಂಚಿನಿಂದ ರಂಜಿತ ಕಿಸಕ್ಕೆಂದಳು. ನಾಳೆ ಎಲ್ಲರೂ ಉತ್ತರ ಓದಬೇಕು, ಆಮೇಲೆ ಈ ಪ್ರಶ್ನೆಯನ್ನು ಕಾಲೇಜಿನ ಪರೀಕ್ಷಾ ಕೈಪಿಡಿಗೆ ಹಾಕಿಸುತ್ತೇನೆ ಎಂದರು ಸಾರ್. ಅಂದರೆ ಇನ್ನು ಮುಂದೆ ಬರುವ ಮಕ್ಕಳೆಲ್ಲ ಅವಳ ಅಪ್ಪನ ಸೋಲು ಬರೆದು ಮಾರ್ಕ್ಸ್ ತೆಗೆಯಬೇಕು!

ಮನೆಯಲ್ಲಿ ಕಾಗದ ನೋಡಿ ಅಮ್ಮ ಮುನಿರತ್ನಮ್ಮ ಕುದ್ದುಹೋದರು. ಬೀದಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಯಾರೂ ಮಗ್ಗ ಆಡಿಸುವುದಿಲ್ಲ, ಅದು ತಾತನ ಕಾಲದಿಂದ ಬಂದ ಕಟ್ಟು. ಈ ಮೇಷ್ಟ್ರಿಗೆ ಸಾವು ಸಣ್ಣ ಕಾರಣವಾಯಿತಾ ಎಂದು ಕೇಳಿದರು. ಕೋದಂಡರಾಮಯ್ಯ ಮಾತ್ರ ತಣ್ಣಗಿದ್ದರು. ಮಾಲು ಕೈಬಿಟ್ಟ ಸೀರೆ ವ್ಯಾಪಾರಿ ಗೋವಿಂದರಾಜುವೇ ಇದನ್ನು ಸಾರ್ ಕಿವಿಗೆ ಹಾಕಿರಬೇಕು ಎಂದರು.

“ಇಂಟರ್ನಲ್ ಮಾರ್ಕ್ಸ್ ಅವ್ರ ಕೈಲಿದೆ ಕಣಮ್ಮ. ಪ್ಲಾನಿಂಗ್ ಇರ್ಲಿಲ್ಲ ಅಂತ ಬರ್ದು ಸುಮ್ನಾಗ್ಬಿಡು.”

ಅಪ್ಪ ಸೋತ ಎಂದು ಬರೆಯಲು ಅಪ್ಪನೇ ಹೇಳಿಕೊಡಬೇಕಾಯಿತಲ್ಲ! ಅದೇ ಅವಳಿಗೆ ತಡೆಯಲಾಗಲಿಲ್ಲ.

ಮರುದಿನ ಎಲ್ಲರಿಗಿಂತ ಮೊದಲು ಎದ್ದು ನಿಂತಳು. ತಾನು ಗೆರೆ ಎಳೆದದ್ದು ‘ಯಾವುದೋ ಸಣ್ಣ ಕಾರಣಕ್ಕೆ’ ಎನ್ನುವ ಸಾಲಿಗೆ ಎಂದಳು. ಸರಿಯಾದ ಸಾಲೇ ಹಿಡಿದಿದ್ದೀಯ ಎಂದು ಸಾರ್ ಮೆಚ್ಚಿ ತಲೆಯಾಡಿಸಿದರು.

“ಆ ಕಾರಣ ಲಕ್ಷ್ಮೀದೇವಮ್ಮಜ್ಜಿ ಸಾರ್.”

ಲಕ್ಷ್ಮೀದೇವಮ್ಮ ಎಂದರೆ ಸಾರ್ ಅವರ ತಾಯಿ. ಮಗ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡು ಹೋದರೂ ಆಕೆ ನೇಕಾರರ ಬೀದಿ ಬಿಟ್ಟು ಕದಲಿರಲಿಲ್ಲ. ಕಾರ್ತಿಕದಲ್ಲಿ ಅಲ್ಲೇ ಕಣ್ಣು ಮುಚ್ಚಿದ್ದರು.

“ಸೂರತ್ತಿಂದ ನಿಮ್ಮಕ್ಕ ಬರ್ಲಿ ಅಂತ ನೀವೇ ಕಾಯಿಸಿದ್ರಿ. ಅಜ್ಜೀನ ಎತ್ತೋವರ್ಗೂ ನಮ್ಮ ಬೀದೀಲಿ ಒಂದು ಮಗ್ಗಾನೂ ಆಡ್ಲಿಲ್ಲ. ಗಡುವು ಹತ್ರ ಇದ್ದಿದ್ದು ನಮ್ಮಪ್ಪಂದು, ಅಷ್ಟೇ. ನಮ್ಮಪ್ಪ ಸೋತಿಲ್ಲ ಸಾರ್.”

ಸಾರ್ ಹುಟ್ಟಿ ಬೆಳೆದದ್ದೂ ಅದೇ ಬೀದಿಯಲ್ಲಿ. ಆ ಕಟ್ಟು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗೋವಿಂದರಾಜು ಆಡಿದ ಮಾತನ್ನು ಹಾಗೆಯೇ ಕತೆ ಮಾಡಿದ್ದರು. ಯಾವಾಗ, ಯಾಕೆ ಎಂದು ಕೇಳಿರಲಿಲ್ಲ. ಕಾರಣ ಹುಡುಕಿ ಎಂದು ದಿನಾ ಬಡಿದುಕೊಳ್ಳುವವರು ತಾವು ಮಾತ್ರ ಹುಡುಕಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ!

ಸಾರ್ ಮುಖ ಬಿಳಿಚಿಕೊಂಡಿತು. ಆ ಪ್ರಶ್ನೆ ಹೊಡೆದುಹಾಕಿಬಿಡಿ ಎಂದು ಎಲ್ಲರಿಗೂ ಹೇಳಿದರು.

ಸ್ನೇಹ ಕೂರಲಿಲ್ಲ.

“ಪ್ರಶ್ನೆ ಇರ್ಲಿ ಸಾರ್. ಕಾರಣ ಬರೀರಿ.”

ಸಾರ್ ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣ ತೆಗೆದುಕೊಂಡರು. ‘ಬೀದಿಯ ಲಕ್ಷ್ಮೀದೇವಮ್ಮ ತೀರಿಕೊಂಡದ್ದರಿಂದ ರಾಮಯ್ಯನವರು ಎರಡು ದಿನ ಮಗ್ಗ ನಿಲ್ಲಿಸಿದರು’ ಎಂದು ಬರೆದರು. ರಂಜಿತಳೂ ಸೇರಿ ಎಲ್ಲರೂ ತಲೆ ತಗ್ಗಿಸಿ ಕಾಗದ ತಿದ್ದಿಕೊಂಡರು. ಸಾರ್ ಮಾತ್ರ ತರಗತಿಯ ಕಡೆ ತಿರುಗಲೇ ಇಲ್ಲ.