ನಮ್ಮಕ್ಕನ ಬರಹ, ನಾನು ಕಟ್ಟಿದ ಬ್ಲಾಗು

ಒಂದೇ ಬೆರಳು ಅಲ್ಲಾಡಿಸಿ, ಮಧ್ಯಾಹ್ನದ ಊಟಕ್ಕೂ ಸಂಜೆಯ ಕಾಫಿಗೂ ನಡುವೆ ನಲವತ್ತು ಲಕ್ಷ ಜನರನ್ನು ಅಳಿಸಿದವನು ನಾನು. ಸುಮ್ಮನೆ ಕಣ್ಣು ಒದ್ದೆ ಮಾಡಿಕೊಂಡವರನ್ನು ಲೆಕ್ಕಕ್ಕೆ ಹಿಡಿದಿಲ್ಲ. ಬಿಕ್ಕಿ ಬಿಕ್ಕಿ ಅತ್ತವರು ಮಾತ್ರ. ಆ ದಿನ ಸಮುದ್ರದ ನೀರು ಎರಡು ಬೆರಳು ಮೇಲೇರಿತ್ತು. ನಂಬದವರು ಹೋಗಿ ಸಮುದ್ರವನ್ನೇ ಕೇಳಿ.

ನನ್ನ ಕಸುಬು ವೆಬ್‌ಸೈಟ್ ಕಟ್ಟಿಕೊಡುವುದು. ನಾನು ಕಟ್ಟಿದ ಹಲ್ಲಿನ ಡಾಕ್ಟರ ಸೈಟು ತೆರೆದ ಕೂಡಲೇ ನೋವು ಮಾಯವಾಗಿ, ಆ ಡಾಕ್ಟರು ಗಿರಾಕಿಗಳಿಲ್ಲದೆ ನೊಣ ಹೊಡೆಯುತ್ತಾ ಕೂತಿದ್ದರು. ಮನೆಯಲ್ಲಿ ಮಾತ್ರ ನನ್ನನ್ನು 'ಲಕ್ಷ' ಎನ್ನುತ್ತಾರೆ. ನಾಲ್ಕು ವರ್ಷದವನಾಗಿದ್ದಾಗ ಅಡುಗೆಮನೆಯಲ್ಲಿ ಮೂರು ಇರುವೆ ಕಂಡು "ಲಕ್ಷ ಇರುವೆ!" ಎಂದು ಕೂಗಿದ್ದೆನಂತೆ. ಹೆಸರಿಟ್ಟವಳು ಅಕ್ಕ.

ಎರಡು ವರ್ಷದ ಹಿಂದೆ ಅಕ್ಕ ಭಾವನ ಮನೆ ಬಿಟ್ಟಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಮೇಜಿನಿಂದ ಬಿಚ್ಚಿದ ಹೊಲಿಗೆ ಯಂತ್ರ. ಭಾವ ಹೊಡೆಯುತ್ತಿದ್ದ. ಇದೊಂದನ್ನು ಹಿಗ್ಗಿಸಿ ಹೇಳಲು ನನ್ನಿಂದಲೂ ಆಗುವುದಿಲ್ಲ. ಯಾರಿಗೂ ವಿಳಾಸ ಕೊಡದೆ ಬೇರೊಂದು ಊರಿನಲ್ಲಿ, ಬೀಗ ರಿಪೇರಿ ಅಂಗಡಿಯ ಮೇಲಿನ ಕೋಣೆ ಹಿಡಿದಳು. ಹರಿದದ್ದು, ಬಿಗಿಯಾದದ್ದು, ಸಡಿಲವಾದದ್ದನ್ನು ಸರಿಮಾಡಿ ಕೊಡುತ್ತಿದ್ದಳು. ಆ ವಿಳಾಸ ತಿಳಿದಿದ್ದವನು ನಾನೊಬ್ಬನೇ.

ಕೆಲಸ ಮುಗಿದ ಮೇಲೆ ಆ ಬಟ್ಟೆಗಳ ಬಗ್ಗೆಯೇ ಬ್ಲಾಗಿನಲ್ಲಿ ಬರೆಯುತ್ತಿದ್ದಳು. ಒಂದೇ ಮೊಣಕೈ ಸವೆದ ಕೋಟು ಯಾವ ಕಿಟಕಿಗೆ ಒರಗಿ ಯಾರಿಗಾಗಿ ಕಾದಿರಬಹುದು, ಒಳಗಿನಿಂದ ಜೇಬು ಹೊಲಿಸಿಕೊಂಡ ಹೆಂಗಸು ಏನು ಬಚ್ಚಿಡುತ್ತಾಳೆ, ಇಂಥವು. ಕೆಳಗೆ ಹೆಸರಿರಲಿಲ್ಲ, 'ದರ್ಜಿ' ಎಂದಷ್ಟೇ. ಓದುತ್ತಿದ್ದವರು ನಲವತ್ತು ಜನ.

"ನಲವತ್ತು ಜನ ಅಂದ್ರೆ ಬಸ್ಸಲ್ಲಿ ಸೀಟು ಸಿಕ್ಕಷ್ಟು ಜನ ಕಣೇ," ಎಂದೆ. "ಒಂದು ಪ್ಲಗಿನ್ ಹಾಕ್ತೀನಿ. ನೀನಿಲ್ಲಿ ಬರೆದ ಕೂಡ್ಲೇ ಫೋಟೋ ಸಮೇತ ಸೋಶಿಯಲ್ ಮೀಡಿಯಾಕ್ಕೆ ತಾನೇ ಹೋಗಿ ಕೂರುತ್ತೆ."

ಅಕ್ಕ ಬಾಯಲ್ಲಿದ್ದ ದಾರವನ್ನು ಕಚ್ಚಿ ತುಂಡು ಮಾಡಿದಳು. "ನನ್ನ ಹೆಸರು ಬರಬಾರ್ದು. ಊರು ಬರಬಾರ್ದು. ನಿನ್ನ ಅಕ್ಕ ಅನ್ನೋದಂತೂ ಬರಲೇಬಾರ್ದು. ಆ ಮನುಷ್ಯ ನಿನ್ನ ಫ್ರೆಂಡ್ಸ್ ಪಟ್ಟೀಲಿ ಇನ್ನೂ ಇದಾನೆ ತಾನೆ?"

"ನನ್ನ ಪಟ್ಟೀಲಿ ಅರ್ಧ ಭೂಮಿ ಇದೆ. ಯಾರ್ಯಾರು ಅಂತ ನೋಡ್ಲಿ?"

"ಲಕ್ಷ, ಬೊಗಳೆ ಸಾಕು. ಆಣೆ ಮಾಡು."

ಆಣೆ ಮಾಡಿದೆ. ಅವಳಿಗೆಂದೇ 'ದರ್ಜಿ' ಹೆಸರಿನಲ್ಲಿ ಹೊಸ ಖಾತೆ ತೆರೆದೆ. ಮುಖದ ಬದಲು ದಾರದ ರೀಲಿನ ಚಿತ್ರ. ಆ ಭಾನುವಾರ ಬೆಳಿಗ್ಗೆ ಅವಳ ಕೋಣೆಯಲ್ಲೇ, ನನ್ನ ಲ್ಯಾಪ್‌ಟಾಪಿನಲ್ಲಿ ಪ್ಲಗಿನ್ ಹಾಕಿದೆ. ಅಕ್ಕ ಯಾರದೋ ಪ್ಯಾಂಟು ಕೊಡಲು ಕೆಳಗಿಳಿದಿದ್ದಳು.

ಅವಳು ಬರೆದಿದ್ದ ಹೊಸ ಬರಹ ತನ್ನ ಕಿಟಕಿಯ ಬಗ್ಗೆ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಪರದೆ ಸರಿಸಿ ಕೂತ ದಿನದ ಬಗ್ಗೆ. ಜೊತೆಗೆ ಕಿಟಕಿಯಿಂದ ಕೆಳಗೆ ತೆಗೆದ ಒಂದು ಫೋಟೋ. ಫೋಟೋದ ಮೂಲೆಯಲ್ಲಿ ಬೀಗದಂಗಡಿಯ ಬೋರ್ಡು, ಬೋರ್ಡಿನ ಮೇಲೆ ಫೋನ್ ನಂಬರು. ದಾರದ ರೀಲಿನ ಖಾತೆಯಲ್ಲಿ ಬಂದಿದ್ದರೆ ಅದು ಯಾರದೋ ಕಿಟಕಿ, ಯಾವುದೋ ಬೋರ್ಡು. ಬಂದದ್ದು ನನ್ನ ಖಾತೆಯಲ್ಲಿ.

ಸೋಮವಾರ ಬೆಳಿಗ್ಗೆ ಭಾವ ಬಂದ. ಬೋರ್ಡಿನ ನಂಬರಿಗೆ ಫೋನು ಮಾಡಿ, ಬೀಗ ಕೆಟ್ಟಿದೆ, ಅಂಗಡಿ ಎಲ್ಲಿ ಬರುತ್ತೆ ಎಂದು ಮರ್ಯಾದೆಯಿಂದಲೇ ಕೇಳಿಕೊಂಡು ಬಂದಿದ್ದ. ಅಕ್ಕ ಬಾಗಿಲು ಮುಚ್ಚಲು ಹೋದಳು. ಚೌಕಟ್ಟಿನ ಮೇಲಿದ್ದ ಅವಳ ಬಲಗೈ ಸೇರಿಸಿ ಬಾಗಿಲನ್ನು ಎಳೆದು ಬಡಿದ. ಮೂರು ಸಲ. ಅಂಗಡಿಯ ಯಜಮಾನರು, ಅಕ್ಕ ಅವರನ್ನು ಚಿಕ್ಕಪ್ಪ ಎನ್ನುತ್ತಾಳೆ, ಸುತ್ತಿಗೆ ಹಿಡಿದು ಮೆಟ್ಟಿಲು ಹತ್ತುವಷ್ಟರಲ್ಲಿ ಮೂರೂ ಮುಗಿದಿತ್ತು. ಪೊಲೀಸರು ಅವನನ್ನು ಕರೆದೊಯ್ದರು. ಮೂರು ಬೆರಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು.

ಆಸ್ಪತ್ರೆಯಲ್ಲಿ ನಾನು ಕೂಗಾಡಿದೆ. "ಪ್ಲಗಿನ್ ಕೈ ಕೊಡ್ತು! ನನ್ನ ಖಾತೆ ಅಲ್ಲೇ ತೆರೆದಿತ್ತು ನೋಡಿ, ತಾನಾಗೇ ಹೋಗಿ ಅಂಟಿಕೊಂಡಿದೆ. ಆ ಪ್ಲಗಿನ್ ಬರೆದವನನ್ನ ಏಳು ಖಂಡದ ಕೋರ್ಟಿಗೂ ಎಳೀತೀನಿ!" ಚಿಕ್ಕಪ್ಪ ತಲೆ ಆಡಿಸಿದರು. ನರ್ಸಮ್ಮ, ಈ ಕಂಪ್ಯೂಟರುಗಳೇ ಹಾಗೆ ಎಂದರು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಾನು ಹೇಳಿದ್ದನ್ನು ನಾನೇ ಮುಕ್ಕಾಲು ನಂಬಿದ್ದೆ.

ಹನ್ನೆರಡು ದಿನ ಬಿಟ್ಟು ಕೋಣೆಗೆ ಹೋದಾಗ ಅಕ್ಕ ಎಡಗೈಯಲ್ಲಿ ಚೀಲ ತುಂಬುತ್ತಿದ್ದಳು. ಯಂತ್ರ ಮೂಲೆಯಲ್ಲಿತ್ತು, ಅದನ್ನು ಚಿಕ್ಕಪ್ಪನಿಗೆ ಬಿಟ್ಟು ಹೋಗುವುದಂತೆ.

"ಲಕ್ಷ, ಬಾ, ಕೂತ್ಕೋ. ಇದನ್ನ ಓದು. ಜೋರಾಗಿ."

ಮೇಜಿನ ಮೇಲೆ ಅವಳ ಹಳೆಯ ಕಂಪ್ಯೂಟರು. ಪರದೆಯ ಮೇಲೆ ಪ್ಲಗಿನ್ನಿನ ಲಾಗ್ ಪುಟ. ಯಾರು ಏನು ಮಾಡಿದರು ಎಂಬುದನ್ನೆಲ್ಲ ಗಂಟೆ ನಿಮಿಷ ಸಮೇತ ಅದು ತಾನೇ ಬರೆದಿಟ್ಟುಕೊಳ್ಳುತ್ತದೆ. ಅಂಥದ್ದೊಂದು ಪುಟ ಇದೆಯೆಂದು ಅಕ್ಕನಿಗೆ ಗೊತ್ತಾಗಲಾರದು ಎಂದುಕೊಂಡಿದ್ದೆ.

"ಎಡಗೈಲೇ ಹುಡುಕ್ದೆ, ಸ್ವಲ್ಪ ತಡ ಆಯ್ತು," ಎಂದಳು. "ಓದು."

"ಭಾನುವಾರ ಹನ್ನೊಂದು ಹತ್ತು. ದರ್ಜಿ ಖಾತೆ ಜೋಡಿಸಲಾಗಿದೆ."

"ಮುಂದೆ?"

"ಹನ್ನೊಂದು ಹದಿಮೂರು. ದರ್ಜಿ ಖಾತೆ ತೆಗೆಯಲಾಗಿದೆ."

"ತಾನಾಗೇ ಅಂಟ್ಕೊಳ್ತು ಅಂದೆ. ತಾನಾಗೇ ಬಿಚ್ಚಿಕೊಳ್ಳೋದೂ ಕಲಿತಿತ್ತಾ? ಓದು."

"ಹನ್ನೊಂದು ಹದಿನಾಲ್ಕು..." ನನ್ನ ಹೆಸರಿತ್ತು. ಅದರ ಕೆಳಗೆ, ಪ್ರತಿ ಬರಹದ ತಲೆಯ ಮೇಲೆ ಬರಲಿ ಎಂದು ತುಂಬಿಸಿದ ಸಾಲು. ಅಕ್ಕನೇ ಓದಿದಳು:

"'ನಮ್ಮಕ್ಕನ ಬರಹ, ನಾನು ಕಟ್ಟಿದ ಬ್ಲಾಗು.' ಪ್ಲಗಿನ್ನಿಗೂ ಅಕ್ಕ ಇದಾಳೇನೋ?"

ಪುಟ ಮುಚ್ಚಲು ಕೈ ಚಾಚಿದರೆ ಅಕ್ಕ ಮೌಸನ್ನು ತನ್ನ ಕಡೆ ಎಳೆದುಕೊಂಡಳು.

"ಮಧ್ಯಾಹ್ನ ನಾನೇ ಕೇಳ್ದೆ, ನನ್ನ ಖಾತೇಲಿ ಏನೂ ಬಂದಿಲ್ವಲ್ಲೋ ಅಂತ. ನೀನು, ಒಂದು ದಿನ ಹಿಡಿಯುತ್ತೆ ಕಣೇ ಅಂದೆ. ಅಲ್ಲಿಂದ ಬೆಳಗಿನವರೆಗೆ ಹದಿನಾಲ್ಕು ಸಲ ಈ ಪ್ಲಗಿನ್ನಿಂದಲೇ ಆ ಪೋಸ್ಟ್ ತೆಗೆದು ನೋಡಿದೀಯ. ಅಳಿಸಿದ್ದು ಸೋಮವಾರ ಹತ್ತು ನಲವತ್ತಕ್ಕೆ, ಚಿಕ್ಕಪ್ಪ ಫೋನ್ ಮಾಡಿದ ಮೇಲೆ. ಹದಿನಾಲ್ಕು ಸಲ ಏನು ನೋಡ್ತಿದ್ದೆ?"

ಚೀಲದ ಜಿಪ್ಪು ಎಡಗೈಗೆ ಸಿಕ್ಕದೆ ಜಾರುತ್ತಿತ್ತು. ಹಾಕಿಕೊಡಲು ಎದ್ದೆ. "ಮುಟ್ಬೇಡ," ಎಂದಳು. ಈ ಸಲ ವಿಳಾಸ ತಿಳಿದವರು ಚಿಕ್ಕಪ್ಪ ಒಬ್ಬರೇ. ಅವರು ನನ್ನ ಫೋನು ಎತ್ತುವುದಿಲ್ಲ.

ಅವಳಿಗೆ ಅಂದು ಕೊಡದ ಉತ್ತರ ಇದು. ನೋಡುತ್ತಿದ್ದದ್ದು ಲೈಕುಗಳನ್ನು. ದಾರದ ರೀಲಿನ ಖಾತೆಗೆ ಹಿಂಬಾಲಕರು ಸೊನ್ನೆ. ಅಷ್ಟು ಒಳ್ಳೆಯ ಬರಹ ಯಾರಿಗೂ ಕಾಣದೆ ಹೋಗುತ್ತದಲ್ಲ, ನನ್ನ ಕೈಚಳಕವೂ ಕಾಣದಲ್ಲ ಎನಿಸಿತು. ನಲವತ್ತು ಲಕ್ಷ ಸುಳ್ಳು. ಯಾರು ಅತ್ತರೋ ನನಗೆ ಗೊತ್ತಿಲ್ಲ. ಲೈಕುಗಳು ಇನ್ನೂರ ಹನ್ನೆರಡು, ಅಷ್ಟೇ. ಇನ್ನೂರ ಹನ್ನೊಂದನೆಯದು ಭಾವನದು. ಭಾನುವಾರ ಸಂಜೆ ಆರೂವರೆಗೆ ಆ ಹೆಸರನ್ನು ಕಣ್ಣಾರೆ ಕಂಡೆ. ಆಗಲೇ ಒಂದು ಫೋನು ಮಾಡಿದ್ದರೆ ಅಕ್ಕ ಏಳು ಗಂಟೆಗೆಲ್ಲ ಆ ಕೋಣೆ ಬಿಟ್ಟಿರುತ್ತಿದ್ದಳು. ಮಾಡಲಿಲ್ಲ. ಇನ್ನೂರ ಹನ್ನೆರಡು ಆಗಲಿ ಎಂದು ಕಾಯುತ್ತಾ ಕೂತಿದ್ದೆ.