ಬೀಗರ ಅರ್ಜಿ

ಮುನಿಶಾಮಪ್ಪನವರು ಚಿಂತಾಮಣಿ ಪುರಸಭೆಗೆ ಆರಿಸಿ ಬಂದು ಎರಡು ವರ್ಷವಾಗಿತ್ತು. ಅಲ್ಲಿಯವರೆಗೆ ಯಾರ ಮುಲಾಜಿಗೂ ಬಿದ್ದವರಲ್ಲ. ಐವತ್ತೊಂಬತ್ತನೇ ಇಸವಿಯ ಆ ಬೇಸಿಗೆಯಲ್ಲಿ ಮಾತ್ರ ಅವರಿಗೆ ಊಟ ಸೇರದಂತಾಯಿತು. ಕಟ್ಟಡಕ್ಕೆ ಒಪ್ಪಿಗೆ ಕೇಳಿ ಬಂದಿದ್ದ ಅರ್ಜಿಗಳಲ್ಲಿ ಒಂದು ಅವರ ಬೀಗರು ವೆಂಕಟರವಣಪ್ಪನವರದು.

ವೆಂಕಟರವಣಪ್ಪನವರ ಊರು ದಿಬ್ಬೂರಹಳ್ಳಿ. ಚಿಂತಾಮಣಿಯ ಅಂಚಿನಲ್ಲೂ ಅವರಿಗೆ ಒಂದಿಷ್ಟು ಜಮೀನಿತ್ತು. ಅಲ್ಲಿ ಕಡಲೆಕಾಯಿ ಎಣ್ಣೆ ಗಿರಣಿ ಹಾಕಿ ಸುತ್ತ ಗೋಡೆ ಎತ್ತಬೇಕೆಂದು ಅವರ ಆಸೆ. ಅರ್ಜಿ ಕೊಟ್ಟ ದಿನ ಬೀಗರ ಮನೆಗೂ ಬಂದು ಕಾಫಿ ಕುಡಿದು, "ನಮ್ಮೋರೇ ಅಲ್ಲಿ ಕೂತಿರೋವಾಗ ನಂಗೇನು ಯೋಚ್ನೆ ಬಿಡಿ ಬೀಗ್ರೇ" ಎಂದು ನಕ್ಕು ಹೋಗಿದ್ದರು.

ಸದಸ್ಯರೆಲ್ಲ ಜಾಗ ನೋಡಲು ಹೋದಾಗ ತೊಡಕು ಕಣ್ಣಿಗೆ ಬಿತ್ತು. ಆ ಜಮೀನಿನ ಆಚೆ ಹೊಲೆಗೇರಿ, ಈಚೆ ಪುರಸಭೆಯ ಸಿಹಿನೀರಿನ ಬಾವಿ. ಕೇರಿಯ ಹೆಂಗಸರು ಜಮೀನಿನ ನಡುವೆ ಸವೆದ ಕಾಲುಹಾದಿಯಲ್ಲಿ ಬಿಂದಿಗೆ ಹೊತ್ತು ಓಡಾಡುತ್ತಿದ್ದರು. ಗೋಡೆ ಎದ್ದರೆ ಅವರು ಕೆರೆ ಏರಿಯನ್ನೆಲ್ಲ ಬಳಸಿಕೊಂಡು ಬರಬೇಕು. ಮುನಿಶಾಮಪ್ಪನವರು ಆ ಹಾದಿಯಲ್ಲಿ ಸುಮ್ಮನೆ ನಿಂತುಬಿಟ್ಟರು. ಎದುರಿಗೆ ಬಂದ ಮುದುಕಿಯೊಬ್ಬಳು ತುಂಬಿದ ಬಿಂದಿಗೆಯೊಂದಿಗೇ ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟಳು.

ಮನೆಯಲ್ಲಿ ಹೆಂಡತಿ ಶ್ಯಾಮಲಮ್ಮನದು ಬೇರೆಯದೇ ಚಿಂತೆ. ಮಗಳು ವೆಂಕಟರತ್ನಮ್ಮ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆ ಕರೆತರುವ ಕಾಲ.

"ನೀವು ಅವ್ರಿಗೆ ಅಡ್ಡ ಬಿದ್ರೆ ರತ್ನನ್ನ ಕಳಿಸ್ತಾರೇನ್ರೀ? ಕಳಿಸಿದ್ರೂ ಮತ್ತೆ ಕರ್ಕೊಂಡು ಹೋಗ್ತಾರಾ?"

"ಅವ್ರು ಅಂಥೋರಲ್ಲ ಕಣೇ" ಎಂದು ಮುನಿಶಾಮಪ್ಪನವರು ಅಂದರೇನೋ ನಿಜ, ಆದರೆ ತಮ್ಮ ದನಿಯೇ ಅವರಿಗೆ ನಂಬಿಕೆ ಕೊಡಲಿಲ್ಲ.

ಸಭೆಯ ದಿನ ವೆಂಕಟರವಣಪ್ಪನವರು ಬಿಳಿ ರುಮಾಲು ಸುತ್ತಿ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ಬೆಂಗಳೂರು ರಸ್ತೆಯ ಹೊಸ ಬಡಾವಣೆಯ ಅರ್ಜಿ ಮೊದಲು ಬಂತು. ಚರಂಡಿ ತೋರಿಸಿಲ್ಲವೆಂದು ವಾಪಸಾಯಿತು. ಛತ್ರ ಕಟ್ಟುವವರಿಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಗಿರಣಿ.

ಕೇರಿಯ ಕಡೆಯಿಂದ ಆರಿಸಿ ಬಂದಿದ್ದ ಗಂಗುಲಪ್ಪ ಎದ್ದು ನಿಂತರು. "ಭೂಮಿ ಅವರದ್ದು, ಇಲ್ಲ ಅನ್ನಲ್ಲ. ಬಾವಿ ಪುರಸಭೆದು. ನಮ್ಮ ಅಪ್ಪ ತಾತನ ಕಾಲದಿಂದ್ಲೂ ಆ ಹಾದೀಲೇ ನೀರು ತಂದಿದೀವಿ. ಈಗ ಗೋಡೆ ಕಟ್ಟಿಬಿಟ್ರೆ ನಮ್ಮ ಹೆಣ್ಮಕ್ಳು ಎಲ್ಲಿಂದ ಬರ್ಬೇಕು ಹೇಳಿ."

ಎಲ್ಲರೂ ಮುನಿಶಾಮಪ್ಪನವರ ಮುಖವನ್ನೇ ನೋಡುತ್ತಿದ್ದರು. ಬೀಗತನದ ವಿಷಯ, ತಾವೇಕೆ ಮೊದಲು ಬಾಯಿ ಹಾಕಬೇಕೆಂಬ ದಾಕ್ಷಿಣ್ಯ ಅವರಿಗೆ. ಮುನಿಶಾಮಪ್ಪನವರು ಬೆಂಚಿನ ಕಡೆ ತಿರುಗದೆ ಎದ್ದರು.

"ಗಂಗುಲಪ್ಪ ಹೇಳಿದ್ದು ಸರಿಯಾಗೈತೆ. ಹಾದಿ ಬಿಡದೆ ಗೋಡೆ ಕಟ್ಟೋಕೆ ನನ್ನ ಒಪ್ಪಿಗೆ ಇಲ್ಲ."

ಅಷ್ಟೇ ಸಾಕಾಯಿತು. ಉಳಿದವರೂ ಒಬ್ಬೊಬ್ಬರಾಗಿ ಅದನ್ನೇ ಅಂದರು, ಅರ್ಜಿ ಬಿದ್ದುಹೋಯಿತು. ವೆಂಕಟರವಣಪ್ಪನವರು ಹೆಗಲ ಮೇಲಿನ ಟವಲು ಕೊಡವಿಕೊಂಡು ಮೆಟ್ಟಿಲಿಳಿದು ಹೋದರು.

ಶ್ಯಾಮಲಮ್ಮ ಆ ದಿನ ಅತ್ತರು. ಮಾರನೆಯ ದಿನ ಗಂಡನ ಜೊತೆ ಮಾತೇ ಬಿಟ್ಟರು. ಕೊನೆಗೆ ಮುನಿಶಾಮಪ್ಪನವರೇ, "ಕೂತು ಕೊರಗಿದ್ರೆ ಏನ್ ಬಂತು? ಬಾ, ಹೋಗಿ ಕರೆಯಣ. ಬಾಗಿಲಲ್ಲಿ ನಿಲ್ಲಿಸಿದ್ರೆ ನಿಂತ್ಕೊಳ್ಳಣ" ಎಂದು ಎಬ್ಬಿಸಿದರು. ಕಜ್ಜಾಯ, ಬಳೆ, ಸೀರೆ, ಹೂವು ಎಲ್ಲ ಬುಟ್ಟಿಗೆ ಜೋಡಿಸಿಕೊಂಡು ಇಬ್ಬರೂ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮುನಿಶಾಮಪ್ಪನವರು ಬೀಗರಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡರು. ದಿಬ್ಬೂರಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಎಲ್ಲ ಮರೆತುಹೋಗಿತ್ತು.

ಬಾಗಿಲಿಗೆ ಬಂದವರು ವೆಂಕಟರವಣಪ್ಪನವರ ತಾಯಿ ಕದಿರಮ್ಮ. "ರಾಂಡಿ, ರಾಂಡಿ. ಕಾಲಿಗೆ ನೀರು ತಗೊಳ್ಳಿ" ಎಂದು ತೆಲುಗು ಬೆರೆಸಿ ಒಳಗೆ ಕರೆದು ತಂಬಿಗೆ ಕೊಟ್ಟರು. ಮಗ ಹಿಪ್ಪುನೇರಳೆ ತೋಟದ ಕಡೆ ಹೋಗಿದ್ದಾನೆ, ಬರುತ್ತಾನೆ ಎಂದರು. ಅಳಿಯನೂ ಕಾಣಲಿಲ್ಲ. ರತ್ನ ಒಳಗಿನಿಂದ ಇಣುಕಿ, ನಕ್ಕು, ಮತ್ತೆ ಒಳಗೆ ಹೋದಳು. ಮುನಿಶಾಮಪ್ಪನವರು ಚಾಪೆಯ ತುದಿಯಲ್ಲಿ, ಎದ್ದು ಹೋಗುವವರ ಹಾಗೆ ಕೂತರು.

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಮಸಾಲೆ ಹುರಿಯುವ ಘಮ ಬಂತು. ಶ್ಯಾಮಲಮ್ಮ ಒಮ್ಮೆ ಮೂಗರಳಿಸಿ ನೋಡಿ, ಗಂಡನ ಕಡೆ ಬಾಗಿ ಪಿಸುಗುಟ್ಟಿದರು. "ಕೋಳಿ ಕುಯ್ದವ್ರೆ ಕಣ್ರೀ!" ಎರಡು ದಿನದಿಂದ ಅವರು ಗಂಡನೊಂದಿಗೆ ಆಡಿದ ಮೊದಲ ಮಾತು ಅದು.

ವೆಂಕಟರವಣಪ್ಪನವರು ಬಂದರು. ಮೊಣಕಾಲವರೆಗೆ ಮಣ್ಣಾಗಿತ್ತು. ಕೈಕಾಲು ತೊಳೆದು ಎದುರಿಗೆ ಕೂತು, ಎಲೆಗೆ ಸುಣ್ಣ ಸವರುತ್ತ ಮಾತು ತೆಗೆದರು.

"ಸುಳ್ಳು ಯಾಕೆ ಹೇಳ್ಲಿ ಬೀಗ್ರೇ. ಅವತ್ತು ಬಸ್ಸಲ್ಲಿ ಮನೆ ಮುಟ್ಟೋವರ್ಗೂ ನಿಮ್ಮನ್ನ ಬೈಕೊಂಡೇ ಬಂದೆ."

"ಬೈರಿ. ಬೈಯೋಕೆ ನಿಮ್ಗೆ ಹಕ್ಕೈತೆ" ಎಂದರು ಮುನಿಶಾಮಪ್ಪನವರು.

"ಇಲ್ಲಿ ಬಂದು ಅವ್ವನತ್ರ ದೂರು ಹೇಳ್ದೆ. ಅವಳು ನಿಮ್ಮನ್ನ ಬಿಟ್ಟು ನನ್ನೇ ಹಿಡ್ಕೊಂಡ್ಳು."

ಕದಿರಮ್ಮ ಕಂಬಕ್ಕೆ ಒರಗಿಕೊಂಡೇ ಅಂದರು: "ಮತ್ತೆ? ನಾನೂ ನೀರು ಹೊತ್ತೋಳೇ ಅಲ್ವೇನಪ್ಪಾ. ತುಂಬಿದ ಬಸುರೀಲಿ ಏರಿ ಹತ್ತಿ ಇಳಿಯೋದು ಏನಂತ ಇವನಿಗೇನು ಗೊತ್ತು?"

ವೆಂಕಟರವಣಪ್ಪನವರು ತಲೆ ಕೆರೆದುಕೊಂಡರು. "ಗಂಗುಲಪ್ಪನ್ನೇ ಕರ್ಕೊಂಡು ನಿನ್ನೆ ಹೋಗಿ ನೋಡ್ದೆ. ಗಿರಣಿನ ಒಂದಿಷ್ಟು ಹಿಂದಕ್ಕೆ ಸರಿಸಿದ್ರೆ ಗಾಡಿ ಹೋಗೋವಷ್ಟು ಹಾದಿ ಸಿಗ್ತೈತೆ. ಹಂಗೇ ಬರೆಸಿ ಇನ್ನೊಂದು ಅರ್ಜಿ ಕೊಟ್ಟಿದೀನಿ. ನೀವು ಸಭೇಲಿ ಹೇಳಿದ್ದು ನ್ಯಾಯವೇ. ಆದ್ರೆ ಮೊದಲೇ ಮನೆಗೆ ಬಂದು ಒಂದ್ ಮಾತು ಹೇಳ್ಬೋದಾಗಿತ್ತು, ಅದೊಂದೇ ಬೇಜಾರು."

ಮುನಿಶಾಮಪ್ಪನವರು ಇದ್ದದ್ದನ್ನೇ ಹೇಳಿದರು. "ಧೈರ್ಯ ಸಾಲಲಿಲ್ಲ ಬೀಗ್ರೇ. ಮಗಳು ನಿಮ್ಮನೇಲಿ ಅವ್ಳೆ ಅಂತ..."

"ಅದೇನ್ ಮಾತು! ಅವಳು ನಿಮ್ಮ ಮಗಳಾಗಿದ್ದು ಹಿಂದೆ. ಈಗ ನಮ್ಮ ಹುಡುಗಿ. ಹೆರಿಗೆಗೆ ಕಳಿಸ್ತಿರೋದೂ ಸಾಲ ಕೊಟ್ಟಂಗೆ, ಜ್ಞಾಪಕ ಇರ್ಲಿ."

ಶ್ಯಾಮಲಮ್ಮ ಸೆರಗಿನಿಂದ ಕಣ್ಣೊರಸಿಕೊಂಡು, ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿಂದ ತಾಯಿ ಮಗಳ ನಗು ಕೇಳಿಸಿತು. ಮುನಿಶಾಮಪ್ಪನವರು ಚಾಪೆಯ ಮಧ್ಯಕ್ಕೆ ಸರಿದು, ಗೋಡೆಗೆ ಒರಗಿ ಕಾಲು ಚಾಚಿಕೊಂಡರು. ಊಟಕ್ಕೆ ಎಲೆ ಹಾಕಿದಾಗ ಅವರು ಎರಡನೇ ಮುದ್ದೆಯನ್ನೂ ಬೇಡವೆನ್ನಲಿಲ್ಲ.